ಮಾಳವ್ವೆ ಗದ್ದುಗೆ ಏರಿದಳೇ?

ಗದಗಿನಲ್ಲಿ ಆ ವರ್ಷ 'ನೆರಳ ಸೆರೆ' ಕತೆಗೊಂದು ಕೊನೆ ಕಟ್ಟಿಕೊಳ್ಳದ ಮನುಷ್ಯನೇ ಇರಲಿಲ್ಲ. ಮಿರ್ಚಿ ಕರಿಯುವ ಬಂಡಿಯವನ ಹತ್ತಿರ ಒಂದಿತ್ತು, ಹಲ್ಲಿನ ಡಾಕ್ಟರ ಹತ್ತಿರ ಇನ್ನೊಂದಿತ್ತು. ನನ್ನ ಬಾಯೊಳಗೆ ಎರಡೂ ಕೈ ಇಟ್ಟುಕೊಂಡೇ ಆ ಡಾಕ್ಟರು, "ಕಾಳಭೃಂಗ ಮಾಳವ್ವೆಯ ಸ್ವಂತ ಅಪ್ಪ ಇರಬೇಕಲ್ರೀ ಬಾಯಾರ?" ಎಂದು ಕೇಳಿದ್ದರು. ಉತ್ತರ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇದ್ದಿದ್ದರೂ ಹೇಳಲಾಗುತ್ತಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಆ ಕತೆ ಬರೆಯುತ್ತಿದ್ದ ನನ್ನ ಅಕ್ಕ, ನೀಲಾಂಬಿಕಾ ಪುರಾಣಿಕಮಠ. ಅವಳಿಗೆ ಮಾತು ಹೋಗಿತ್ತು.

'ನೆರಳ ಸೆರೆ' ಓದದವರು ಈಗ ಯಾರೂ ಉಳಿದಿಲ್ಲ ಎನ್ನುತ್ತಾರೆ. ಒಬ್ಬಿಬ್ಬರು ಉಳಿದಿದ್ದರೆ ಅವರಿಗಾಗಿ ಹೇಳುತ್ತೇನೆ. ತೊರೆನಾಡು ಎಂಬ ರಾಜ್ಯದಲ್ಲಿ ಮನುಷ್ಯನ ಅಂತಸ್ತೆಲ್ಲ ಅವನ ನೆರಳಿನಲ್ಲಿರುತ್ತದೆ. ಅರಸನ ನೆರಳಿಗೆ ಕಿರೀಟ, ಅಂಬಿಗನ ನೆರಳಿಗೆ ಹುಟ್ಟುಗೋಲು, ಅಗಸನ ನೆರಳಿಗೆ ಬಟ್ಟೆಯ ಗಂಟು. ಕೆಳಗಿನವನ ನೆರಳು ಮೇಲಿನವನ ಮೈಗೆ ತಾಗಿದರೆ ಶಿಕ್ಷೆ. ಹೊತ್ತು ಇಳಿದು ನೆರಳು ಉದ್ದವಾಯಿತೆಂದರೆ ಅರ್ಧ ಊರು ಬೀದಿಗೆ ಇಳಿಯುವಂತಿಲ್ಲ. ಹೀಗಿರುವಾಗ ಕಾಳಭೃಂಗನೆಂಬ ಮಾಂತ್ರಿಕ ಎಲ್ಲರ ನೆರಳುಗಳನ್ನೂ ಕದ್ದು ಒಂದು ತೊಗಲಿನ ಚೀಲದಲ್ಲಿ ಕಟ್ಟಿಡುತ್ತಾನೆ. ನೆರಳಿಲ್ಲದವರಿಗೆ ನಿದ್ದೆ ಬರುವುದಿಲ್ಲ. ಅಂಬಿಗರ ಹುಡುಗಿ ಮಾಳವ್ವೆ ಆ ಚೀಲದ ಬೆನ್ನು ಹತ್ತುತ್ತಾಳೆ.

ಆರು ದಪ್ಪ ಸಂಪುಟ ಅವಳು ಹಾಗೆ ಅಲೆದಳು. ಆರನೆಯದರ ಕೊನೆಗೆ ಚೀಲ ಕೈಗೆ ಸಿಗುತ್ತದೆ, ಆದರೆ ಅವಳ ಜೊತೆಗಾರ, ಕುರುಡ ಬೊಮ್ಮ, ಕಾಳಭೃಂಗನ ಕೋಟೆಯ ಬಾಗಿಲಲ್ಲಿ ಅವಳ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಪುಟ ತಿರುವಿದರೆ ಕೊನೆಯ ಅಧ್ಯಾಯ ಬೇರೆಯೇ ಲೋಕ. ಅರಮನೆಯ ಅಂಗಳ, ಸಂಜೆಯ ಹೊತ್ತು. ನೆರೆದ ಜನ ನೆಲ ನೋಡಿ ನಗುತ್ತಾರೆ, ನಗಾರಿ ನುಡಿಯುತ್ತದೆ, ಪಟ್ಟದಾನೆ ಮೊಣಕಾಲೂರುತ್ತದೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ನೆರಳುಗಳೇನೋ ಮರಳಿ ಬಂದವು, ಮುಂದೇನು? ಖಾಲಿ ಬಿದ್ದ ಗದ್ದುಗೆಯ ಮೇಲೆ ಕೂರುವವರು ಯಾರು? ನಾಡಿನ ತಲೆ ತಿಂದ ಪ್ರಶ್ನೆ ಇದೇ. ಆ ಅಧ್ಯಾಯದಲ್ಲಿ ಸುಳಿವು ಹುಡುಕಿ ಹುಡುಕಿ ಓದುಗರಿಗೆ ಅದು ಬಾಯಿಪಾಠವಾಗಿತ್ತು. ಮಾಳವ್ವೆ ರಾಣಿಯಾಗುತ್ತಾಳೆ ಎಂದವರು ಬಹಳ. ರಾಜಕುಮಾರ ಇಂದುಧರನನ್ನು ಮದುವೆಯಾಗುತ್ತಾಳೆ ಎಂದವರು ಕೆಲವರು. ಅವಳೂ ಸಾಯುತ್ತಾಳೆ ಎಂದವನೊಬ್ಬ ಬಸ್ಸಿನಲ್ಲಿ ಪೆಟ್ಟು ತಿಂದ.

ನಾನು ದಾಕ್ಷಾಯಣಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ಹಾಗಾಗಿ ಊರಿಗೆಲ್ಲ 'ಬಾಯಾರು'. ಅಕ್ಕ ನಾನು ಇಬ್ಬರೇ ಒಂದು ಮನೆಯಲ್ಲಿ. ನಾನಂತೂ ಮಾಳವ್ವೆಯನ್ನು ಗದ್ದುಗೆಗೆ ಏರಿಸಲೇಬೇಕು ಎನ್ನುವ ಪಕ್ಷ. ರೊಟ್ಟಿ ಬಡಿಯುತ್ತ ಇದನ್ನೇ ಹೇಳಿ ಹೇಳಿ ಅಕ್ಕನ ತಲೆ ಕೆಡಿಸುತ್ತಿದ್ದೆ. ಅವಳು ಮಾತ್ರ, "ಬಂದಾಗ ಓದು" ಎಂದು ತಟ್ಟೆ ಮುಂದೆ ಚಾಚುತ್ತಿದ್ದಳು.

ಏಳನೆಯ ಸಂಪುಟ ಶುರುವಾಗುವ ಮೊದಲೇ ಅಕ್ಕನ ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತು. ಬಲಗೈ ಸೋತಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಹೇಳಬೇಕೆಂದು ಹೊರಟ ಶಬ್ದ ಮಾತ್ರ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಎಡಗೈಯಲ್ಲಿ ಬರೆಯಹೋದರೂ ಅದೇ ಗತಿ. ಹೌದು ಎನ್ನಲು ಹೋಗಿ ಬೇಡ ಎನ್ನುವಳು, ತಲೆ ಅಲ್ಲಾಡಿಸುವುದೂ ಎಷ್ಟೋ ಸಲ ಉಲ್ಟಾ. ಅಷ್ಟು ಮಾತಿನ ಮಲ್ಲಿ ಹಾಗೆ ಕೂತಿರುವುದನ್ನು ನೋಡಲಾಗದೆ ನಾನು ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ.

ಆಗ ಹುಬ್ಬಳ್ಳಿಯ ಮಾತಿನ ಪ್ರಯೋಗಾಲಯದಿಂದ ಕರೆ ಬಂತು. ಮಾತು ಕಳೆದುಕೊಂಡವರ ಮಾತನ್ನು ಮಿದುಳಿನಿಂದಲೇ ಎತ್ತಿ ಪರದೆಯ ಮೇಲೆ ಬರೆಯುವ ಟೊಪ್ಪಿಗೆಯೊಂದನ್ನು ಅವರು ಮಾಡಿದ್ದರು. ಅಕ್ಕನ ಪ್ರಕಾಶಕರಾದ ಜಕ್ಕಲಿಯವರು ಖುಷಿಯಿಂದ ತಮ್ಮ ಕಾರಿನಲ್ಲೇ ನಮ್ಮನ್ನು ಕರೆದುಕೊಂಡು ಹೋದರು.

ಯಂತ್ರದ ಹೊಣೆ ಹೊತ್ತಿದ್ದವಳು ಡಾಕ್ಟರ್ ರೇಷ್ಮಾ ನದಾಫ. ಚುರುಕಿನ ಹೆಣ್ಣುಮಗಳು, ಅಕ್ಕನ ಆರೂ ಸಂಪುಟ ಓದಿದವಳು. ಟೊಪ್ಪಿಗೆಯೊಳಗಿನ ಸಣ್ಣ ಸಣ್ಣ ಬಿಲ್ಲೆಗಳನ್ನು ತೋರಿಸಿ ನನಗೆ ವಿವರಿಸಿದಳು.

"ಬಾಯಾರ, ಮುಚ್ಚಿದ ಬಾಗಲದ ಹಿಂದ ಯಾರೋ ಮಾತಾಡಾಕತ್ತಾರ ಅಂತ ತಿಳೀರಿ. ಅಲ್ಲೊಂದು ಇಲ್ಲೊಂದು ಶಬ್ದ ಕೇಳತೈತಿ. ಉಳದದ್ದನ್ನ ನಾವ ಊಹೆ ಮಾಡಿ ತುಂಬಿಕೋತೇವಲ್ಲ, ಇದೂ ಹಂಗ. ಟೊಪ್ಪಿಗಿ ಕೇಳತೈತಿ, ಊಹೆಗಾರ ತುಂಬತೈತಿ."

ಊಹೆಗಾರ ಎಂದರೆ ಪಕ್ಕದ ಕೋಣೆಯಲ್ಲಿ ಗುಂಯ್ ಎನ್ನುತ್ತಿದ್ದ ಕಂಪ್ಯೂಟರು. ಅದಕ್ಕೆ ಅಕ್ಕನ ಆರೂ ಸಂಪುಟ ಓದಿಸಿದ್ದರು, ನಮ್ಮ ಮನೆಮಾತನ್ನೂ ಬೇಕಾದಷ್ಟು ಕೇಳಿಸಿದ್ದರು. ಯಾವ ಶಬ್ದದ ಮುಂದೆ ಯಾವ ಶಬ್ದ ಬಂದೀತು, ಯಾವ ಘಟನೆಯ ಮುಂದೆ ಏನು ನಡೆದೀತು ಎಂದು ಅದು ಲೆಕ್ಕ ಹಾಕುತ್ತದೆ.

ಅಕ್ಕ ಟೊಪ್ಪಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಪರದೆಯ ಮೇಲೆ ಅಕ್ಷರ ಮೂಡಿದವು. "ಅಂಗಳದಲ್ಲಿ ಜಯಘೋಷ ಮುಗಿಲು ಮುಟ್ಟಿತು. ಮಾಳವ್ವೆ ಗದ್ದುಗೆ ಏರಿದಳು. ಇಂದುಧರನು ಅವಳ ಪಕ್ಕದಲ್ಲಿ ಕುಳಿತನು."

ಜಕ್ಕಲಿಯವರು ಚಪ್ಪಾಳೆ ತಟ್ಟಿದರು. ನಾನೂ ಸುಳ್ಳು ಹೇಳುವುದಿಲ್ಲ, ನನ್ನ ಮಾಳವ್ವೆ ರಾಣಿಯಾದಳಲ್ಲ ಎಂದು ಎದೆ ಉಬ್ಬಿತು. ಅಕ್ಕ ಕಣ್ಣು ತೆರೆದು ಪರದೆ ನೋಡಿದಳು. ನೋಡಿದವಳೇ ಎಡಗೈಯಿಂದ ಮೇಜು ಗುದ್ದಿದಳು. ಮತ್ತೊಮ್ಮೆ ಮಾಡಿಸಿದರು, ಮತ್ತೆ ಗದ್ದುಗೆ. ಅವಳು ಎಷ್ಟು ಒದ್ದಾಡಿದರೂ ಪರದೆಯ ಮೇಲೆ ಅದೇ ಜಯಘೋಷ, ಅದೇ ಇಂದುಧರ. ಕೊನೆಗೆ ಟೊಪ್ಪಿಗೆ ಕಿತ್ತು ತೊಡೆಯ ಮೇಲೆ ಹಾಕಿಕೊಂಡು ಅತ್ತಳು.

"ಆನಂದದ ಕಣ್ಣೀರು ನೋಡ್ರಿ" ಎಂದರು ಜಕ್ಕಲಿ.

"ಆನಂದ ಆದಾಗ ನಮ್ಮಕ್ಕ ಮೇಜು ಗುದ್ದೂದಿಲ್ರಿ" ಎಂದೆ.

"ಬಾಯಾರ, ಅಕ್ಕಾರ ಹೌದು ಅಲ್ಲ ಎಲ್ಲಾ ಅದಲ ಬದಲ ಆಗೇತಿ ಅಂತ ಡಾಕ್ಟರ ಹೇಳ್ಯಾರ. ಅವರ ಮಿದುಳಿನ್ಯಾಗ ಇದ್ದದ್ದು ಪರದೆ ಮ್ಯಾಲ ಬಂದೈತಿ. ಇನ್ನೇನ ಬೇಕು? ಜನ ಕಾಯಾಕತ್ತಾರ."

ಜಕ್ಕಲಿಯವರು ಕೆಟ್ಟವರಲ್ಲ, ಆದರೆ ಅವಸರದವರು. ಗದಗಿನಲ್ಲಿ ದೊಡ್ಡ ಸಭೆ ಕರೆದು, ಲೇಖಕಿಯ ಮನಸ್ಸಿನಿಂದಲೇ ಬಂದ ಕೊನೆ ಎಂದು ಇದನ್ನು ಓದಿಸುವುದೆಂದು ಗೊತ್ತು ಮಾಡಿಯೇಬಿಟ್ಟರು. ರೇಷ್ಮಾ ಮಾತ್ರ ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದಳು.

ಮನೆಗೆ ಬಂದ ಮೇಲೆ ಅಕ್ಕ ಊಟ ಬಿಟ್ಟಳು. ತುತ್ತು ಹಿಡಿದರೆ ಗೋಡೆಯ ಕಡೆ ಮುಖ ತಿರುಗಿಸುವಳು. ನನಗೂ ಸಿಟ್ಟು ಬಂತು. "ನನ್ನ ಮ್ಯಾಲ ಯಾಕ ಸಿಟ್ಟು? ಬರದಾಕಿ ನೀ, ಓದಿದ್ದು ಯಂತ್ರ" ಎಂದು ಬೈದೆ. ಬೈದ ಮೇಲೆ ಕೆಟ್ಟದೆನಿಸಿತು. ಈ ಹೆಂಗಸು ಬದುಕಿರುವಾಗಲೇ, ಅವಳ ಕಣ್ಣೆದುರೇ, ಅವಳ ಹೆಸರಿನಲ್ಲಿ ಬೇರೆ ಯಾರೋ ಅವಳ ಕತೆ ಮುಗಿಸುತ್ತಿದ್ದಾರೆ. ಅಲ್ಲ ಎನ್ನಲೂ ಬಾಯಿಲ್ಲ. ಆ ಸಂಕಟಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಮರುದಿನ ಮಧ್ಯಾಹ್ನ ಅವಳನ್ನು ರಮಿಸಲೆಂದು ಆರನೆಯ ಸಂಪುಟ ತೆಗೆದು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿದೆ. ಬೊಮ್ಮ ಸಾಯುವ ಭಾಗ. ಓದುತ್ತ ಕಣ್ಣೊರೆಸಿಕೊಂಡೆ. ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಪುಸ್ತಕ ಮುಚ್ಚಿ ಏಳಲು ಹೋದೆ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು. ಹಾಲು ಉಕ್ಕುತ್ತದೆ ಎಂದರೂ ಬಿಡಲೊಲ್ಲಳು. ಎಡಗೈಯಿಂದ ಪುಸ್ತಕ ಕಸಿದು, ಪುಟ ಮಗುಚಿ, ಕೊನೆಯ ಅಧ್ಯಾಯದ ಮೇಲೆ ಬೆರಳಿಟ್ಟು ಕುಟ್ಟಿದಳು. ನಾಲ್ಕು ಸಾಲು ಓದಿದೆ. ಜನ ನಕ್ಕರು, ನಗಾರಿ ನುಡಿಯಿತು. ಆಗ ಸೆರಗು ಬಿಟ್ಟಳು.

ಹಾಲು ಉಕ್ಕಿ ಒಲೆ ಪೂರ್ತಿ ಆರಿಹೋಗಿತ್ತು. ಅದನ್ನು ಒರೆಸುತ್ತಿರುವಾಗ ನನಗೆ ಅಪ್ಪ ನೆನಪಾದ.

ಅಪ್ಪ ಬೆಟಗೇರಿಯ ನೇಕಾರರ ಓಣಿಯಲ್ಲಿ ಶ್ರಾವಣದ ತಿಂಗಳಿಡೀ ಪುರಾಣ ಓದುತ್ತಿದ್ದ. ಅವನದೊಂದು ಕಟ್ಟುನಿಟ್ಟಿತ್ತು. ದುಃಖದ ಜಾಗದಲ್ಲಿ ಪುರಾಣ ನಿಲ್ಲಿಸಬಾರದು, ಕೇಳಿದವರು ಅಳುತ್ತ ಮನೆಗೆ ಹೋಗಬಾರದು. ದಿನದ ಓದು ಅಳುವಿನಲ್ಲಿ ಮುಗಿಯುವ ಹಾಗಿದ್ದರೆ, ಮುಂದಿನ ಪುಟಗಳನ್ನು ಮಗುಚಿ, ಎಲ್ಲೋ ದೂರದಲ್ಲಿದ್ದ ಸಂತೋಷದ ನಾಲ್ಕು ಪದ್ಯ ಓದಿ ಮಂಗಳ ಹಾಡುತ್ತಿದ್ದ. ಮಾರನೆಯ ದಿನ ಮತ್ತೆ ಅಳುವಿನ ಜಾಗಕ್ಕೇ ಹಿಂದಿರುಗಿ ಶುರು ಮಾಡುವುದು. ಕೇಳುವ ನೇಕಾರರಿಗೆಲ್ಲ ಇದು ಗೊತ್ತಿತ್ತು, ಯಾರಿಗೂ ಗಲಿಬಿಲಿಯಾಗುತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ಪುಟ ಮಗುಚಿಕೊಡುತ್ತಿದ್ದವಳು ಅಕ್ಕ.

ಕೈ ಒರೆಸಿಕೊಂಡು ಆರೂ ಸಂಪುಟ ಹರವಿಕೊಂಡು ಕೂತೆ. ಎರಡನೆಯದರ ಕೊನೆಯ ಮದುವೆಯೂಟ ನಿಜವಾಗಿ ನಡೆಯುವುದು ಮೂರನೆಯದರ ನಡುವಿನಲ್ಲಿ. ನಾಲ್ಕನೆಯದರ ಕೊನೆಯ ಗೆಲುವು ಐದನೆಯದರ ತುದಿಯಲ್ಲಿ. ಎಲ್ಲ ಸಂಪುಟಗಳಲ್ಲೂ ಹೀಗೆಯೇ. ನೀಲಾಂಬಿಕಾ ಅವರ ಕಥನದಲ್ಲಿ ಕಾಲ ವಕ್ರವಾಗಿ ಹರಿಯುತ್ತದೆ ಎಂದು ವಿಮರ್ಶಕರು ಪುಟಗಟ್ಟಲೆ ಬರೆದಿದ್ದರು. ಕಾಲವೂ ಇಲ್ಲ, ವಕ್ರವೂ ಇಲ್ಲ. ನಮ್ಮ ಅಕ್ಕ ಓದುಗರನ್ನು ಅಳಿಸಿ ಮನೆಗೆ ಕಳಿಸಲೊಲ್ಲದೆ ಮುಂದಿನ ಸಂಪುಟದ ಸಂತೋಷವನ್ನು ಮೊದಲೇ ತಂದು ಹಂಚುತ್ತಿದ್ದಳು.

ಹಾಗಾದರೆ ಆರನೆಯದರ ಕೊನೆಯ ಅಧ್ಯಾಯ? ಅದು ಏಳನೆಯದರಿಂದ ತಂದದ್ದು. ನಾನು ಅಕ್ಕನ ಮುಂದೆ ಮಂಡಿಯೂರಿ ಕೂತು ಕೇಳಿದೆ. "ಅಕ್ಕಾ, ಈ ಅಂಗಳ, ಈ ನಗು, ಇದs ಏನು ಕಡೀ ಪುಟ? ಇದರ ಮುಂದ ಏನೂ ಇಲ್ಲೇನು?"

ಅವಳು ತಲೆ ಅಲ್ಲಾಡಿಸಲಿಲ್ಲ. ನನ್ನ ಕೆನ್ನೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

ಎಲ್ಲರೂ ಮುಂದೇನು ಎಂದು ಕೇಳುತ್ತಿದ್ದರು, ನನ್ನನ್ನೂ ಸೇರಿಸಿ. ಕತೆಯ ಕೊನೆಯ ಪುಟ ಆಗಲೇ ಅಚ್ಚಾಗಿ ಮನೆಮನೆಯಲ್ಲಿತ್ತು. ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಬೊಮ್ಮ ಸತ್ತ ಆ ಬಾಗಿಲಿನಿಂದ ಈ ನಗುವಿನವರೆಗೆ ಮಾಳವ್ವೆ ಹೇಗೆ ಬಂದಳು, ಜನ ನೆಲ ನೋಡಿ ಯಾಕೆ ನಕ್ಕರು?

ರೇಷ್ಮಾಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ.

"ಬಾಯಾರ, ಹಂಗಾದ್ರ ನಾವು ಊಹೆಗಾರಗ ಕಡೀ ಪುಟಾ ಕೊಟ್ಟು, ಇದರ ಮುಂದ ಹೇಳು ಅಂದೇವಿ. ಅಕ್ಕಾರು ಅದಕ್ಕೂ ಮೊದಲಿಂದು ಹೇಳಾಕತ್ತಾರ. ಅವರು ಏನು ಅಂದ್ರೂ ಊಹೆಗಾರ ಅದನ್ನ ಪಟ್ಟಾಭಿಷೇಕ ಅಂತನs ಕೇಳಸ್ಕೊಂಡೈತಿ."

"ಮಾತು ಅಕ್ಕಂದಲ್ಲ ಅಂದಂಗಾತು."

"ಅಲ್ರಿ. ಅವರ ಬಾಯಾಗ ನಾವ ಮಾತು ತುರುಕೇವಿ."

ಅವಳು ಊಹೆಗಾರನ ಓದನ್ನೆಲ್ಲ ಅಳಿಸಿ ಹೊಸದಾಗಿ ಕಲಿಸಿದಳು. ಐದು ಸಂಪುಟಗಳ ಕೊನೆಯ ಅಧ್ಯಾಯಗಳನ್ನು ಅವುಗಳ ನಿಜವಾದ ಜಾಗಕ್ಕೆ ಸೇರಿಸಿದಳು. ಆರನೆಯದರ ಕೊನೆಯ ಅಧ್ಯಾಯವನ್ನು ಮಾತ್ರ ಊಹೆಗಾರನಿಗೆ ತೋರಿಸಲೇ ಇಲ್ಲ. ಅದು ಅವಳ ಜಾಣತನ. ಆ ಪುಟ ಯಂತ್ರಕ್ಕೆ ಗೊತ್ತಿಲ್ಲ, ಅಕ್ಕನಿಗೆ ಗೊತ್ತು. ಅಕ್ಕ ಕತೆ ಹೇಳುತ್ತ ಹೇಳುತ್ತ ಆ ಪುಟಕ್ಕೇ ಬಂದು ಮುಟ್ಟಿದರೆ, ಹೇಳಿದವಳು ಅಕ್ಕನೇ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಬರೇ ಪರೀಕ್ಷೆ ಬರೆಸುತ್ತ ಕೂದಲು ಬೆಳ್ಳಗಾದ ನನಗೆ ಇಂಥ ಚೊಕ್ಕ ಪರೀಕ್ಷೆ ಹೊಳೆದಿರಲಿಲ್ಲ.

ಮತ್ತೆ ಟೊಪ್ಪಿಗೆ ನೋಡಿದೊಡನೆ ಅಕ್ಕ ಮುಖ ಗಂಟಿಕ್ಕಿದಳು. ನಾನು ಕಿವಿಯಲ್ಲಿ ಹೇಳಿದೆ. "ಈ ಸಲ ಕಡೀ ಅಧ್ಯಾಯ ಅದಕ್ಕ ತೋರಿಸಿಲ್ಲವ್ವಾ." ಅವಳು ನನ್ನನ್ನು ನೋಡಿದಳು, ರೇಷ್ಮಾಳನ್ನು ನೋಡಿದಳು, ತಾನೇ ಟೊಪ್ಪಿಗೆಯನ್ನು ಹಣೆಯವರೆಗೆ ಎಳೆದುಕೊಂಡಳು. ಪರದೆ ಬಹಳ ಹೊತ್ತು ಖಾಲಿಯಿತ್ತು. ಆಮೇಲೆ ತಡವರಿಸುತ್ತ ಬಂತು. "ನಡುಹಗಲು... ಚೀಲ... ಗಂಟು ಬಿಚ್ಚಿ..." ಅಷ್ಟಕ್ಕೇ ಅಕ್ಕ ಕೈ ಎತ್ತಿ ನಿಲ್ಲಿಸಿದಳು. ಮುಖದ ತುಂಬ ನಗೆ. ಇಲ್ಲಿ ಹೇಳುವುದಿಲ್ಲ, ಜನರೆದುರು ಹೇಳುತ್ತೇನೆ ಎನ್ನುವ ನಗೆ ಅದು. ಅಪ್ಪನ ಮಗಳಲ್ಲವೇ.

ಜಕ್ಕಲಿಯವರು ಹೌಹಾರಿದರು. "ತುಂಬಿದ ಸಭಾದಾಗ ಯಂತ್ರ ತೊದಲಿದ್ರ ಏನ ಮಾಡೂಣ್ರಿ? ಚಂದಾಗಿ ಬರದಿದ್ದು ಒಂದು ಕೈಯಾಗ ಐತಿ."

"ಅದು ಅಕ್ಕಂದಲ್ಲ. ಅಕ್ಕಂದಲ್ಲದ್ದಕ್ಕ ಅಕ್ಕನ ಹೆಸರು ಹಾಕಾಕ ನಾ ಬಿಡೂದಿಲ್ಲ" ಎಂದೆ. ಹೈಸ್ಕೂಲಿನ ದನಿಯಲ್ಲೇ ಅಂದಿರಬೇಕು. ಅವರು ತೆಪ್ಪಗೆ ಕೂತರು.

ಸಭೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ಜನ. ಹಲ್ಲಿನ ಡಾಕ್ಟರು ಮುಂದಿನ ಸಾಲಿನಲ್ಲೇ ಇದ್ದರು. ವೇದಿಕೆಯ ಮೇಲೆ ದೊಡ್ಡ ಪರದೆ, ಅದರ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅಕ್ಕ, ಹಸಿರು ಇಳಕಲ್ ಸೀರೆ, ತಲೆಗೆ ಟೊಪ್ಪಿಗೆ. ರೇಷ್ಮಾ ಎರಡೇ ಮಾತು ಹೇಳಿದಳು. ಆರನೆಯ ಸಂಪುಟದ ಕೊನೆಯ ಅಧ್ಯಾಯ ಈ ಯಂತ್ರಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು, ನೀವೇ ಪರೀಕ್ಷಕರು.

ಅಕ್ಕ ಕಣ್ಣು ಮುಚ್ಚಿದಳು. ಪರದೆ ಖಾಲಿಯಾಗೇ ಇತ್ತು. ಹಿಂದಿನಿಂದ ಯಾರೋ ಕೆಮ್ಮಿದರು. ಜಕ್ಕಲಿಯವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ನನ್ನ ಕೈಯೊಳಗಿದ್ದ ಅಕ್ಕನ ಕೈ ಬೆವರಿತ್ತು. ಬೆವರು ಅವಳದೋ ನನ್ನದೋ ಹೇಳಲಾರೆ.

ಆಮೇಲೆ ಒಂದೊಂದೇ ಶಬ್ದ ಇಳಿಯತೊಡಗಿತು. ಮೊದಲು ತಡೆದು ತಡೆದು, ಬರಬರುತ್ತ ಸರಾಗವಾಗಿ.

"ಬೊಮ್ಮನನ್ನು ಮಣ್ಣು ಮಾಡಿ ಮಾಳವ್ವೆ ಚೀಲ ಹೊತ್ತು ನಡೆದಳು. ಅರಮನೆಯ ಅಂಗಳ ಮುಟ್ಟಿದಾಗ ನಡುಹಗಲು. ಸರದಿ ನಿಲ್ಲಿಸು, ಅಂತಸ್ತು ನೋಡಿ ಒಬ್ಬೊಬ್ಬರ ನೆರಳು ಒಬ್ಬೊಬ್ಬರಿಗೆ ಕೊಡು ಎಂದ ಇಂದುಧರ. ನಿದ್ದೆಗೆಟ್ಟವರಿಗೆ ಸರದಿ ಎಲ್ಲಿಯದು ಎಂದು ಅವಳು ಚೀಲದ ಗಂಟು ಬಿಚ್ಚಿ ನೆಲಕ್ಕೆ ಸುರಿದಳು. ನೆರಳುಗಳು ಹೆದರಿದ ಕೋಳಿಮರಿಗಳಂತೆ ಓಡಿ ಹತ್ತಿರ ಸಿಕ್ಕ ಪಾದಗಳ ಕೆಳಗೆ ಸೇರಿಕೊಂಡವು. ಸೂರ್ಯ ನೆತ್ತಿಯ ಮೇಲಿದ್ದ. ಯಾರದು ಯಾರಿಗೆ ಬಂತೆಂದು ಯಾರಿಗೂ ಕಾಣಲಿಲ್ಲ. ಜನ ನಿಂತಲ್ಲೇ ಒರಗಿ, ಅರಸುಮಗನೂ ಅಗಸನೂ ಒಂದೇ ಅಂಗಳದಲ್ಲಿ, ನಿದ್ದೆ ಹೋದರು."

ಮುಂದಿನ ಸಾಲಿನವರು ಕುರ್ಚಿಯ ತುದಿಗೆ ಸರಿದು ಕೂತರು.

"ಹೊತ್ತು ಇಳಿಯಿತು. ಎದ್ದು ನೋಡಿದರೆ ನೆರಳು ಉದ್ದವಾಗಿದೆ. ಕಿರೀಟದ ನೆರಳು ಅಗಸಗಿತ್ತಿಯ ಕಂಕುಳ ಕೂಸಿಗೆ ಅಂಟಿತ್ತು. ಇಂದುಧರನ ಕಾಲಡಿಯಿಂದ ಬಟ್ಟೆಯ ಗಂಟು ಹೊತ್ತ ನೆರಳು ಚಾಚಿತ್ತು. ಮಂತ್ರಿಯ ನೆರಳಿಗೆ ಹುಟ್ಟುಗೋಲು. ತಂದು ಕೊಡಿ, ನನ್ನದು ನನಗೆ ಬೇಕು ಎಂದು ಮಂತ್ರಿ ಕೂಗಿದ. ಕೀಳಲು ಹೋದರೆ ನೆರಳು ಬರಲಿಲ್ಲ. ಯಾರ ನೆರಳು ಯಾರಿಗೆ ತಾಗಬಾರದು ಎಂದು ಈಗ ಹೇಳುವವರಾರು? ಮೊದಲು ನಕ್ಕದ್ದು ಕೂಸು."

ಇಲ್ಲಿ ಅಕ್ಕ ಉಸಿರು ಎಳೆದುಕೊಂಡಳು. ಪರದೆಯ ಮೇಲೆ ಮುಂದಿನ ಸಾಲು ಮೂಡಿತು. "ಸಂಜೆಯಾಗಿತ್ತು. ಅಂಗಳದಲ್ಲಿ ನೆರೆದವರೆಲ್ಲ ನೆಲ ನೋಡಿ ನಕ್ಕರು."

ಕಿಟಕಿಯ ಹತ್ತಿರ ಒಬ್ಬಳು ಹುಡುಗಿ ಗಟ್ಟಿಯಾಗಿ ಮುಂದಿನ ಸಾಲು ಹೇಳಿದಳು. "ನಕ್ಕ ಸದ್ದಿಗೆ ನಗಾರಿ ತಾನಾಗಿ ನುಡಿಯಿತು." ಮರುಗಳಿಗೆ ಪರದೆಯ ಮೇಲೂ ಅದೇ ಬಂತು. ಆಮೇಲೆ ನೂರು ಬಾಯಿ ಸೇರಿದವು. ಜನ ಹೇಳುತ್ತಿದ್ದರು, ಅಕ್ಕ ಮೂಡಿಸುತ್ತಿದ್ದಳು. ಅಲ್ಲಲ್ಲಿ ಒಂದು ಶಬ್ದ ಹಿಂದುಮುಂದಾಯಿತು, ಅಷ್ಟೇ. ಯಂತ್ರ ಕಾಣದ ಪುಟ ಅಕ್ಕನ ತಲೆಯೊಳಗಿಂದ ಸಾಲು ಸಾಲಾಗಿ ಇಳಿದು ಬರುತ್ತಿತ್ತು. "ಪಟ್ಟದಾನೆ ಅಂಗಳದ ನಡುವೆ ಬಂದು, ಯಾರ ಮುಂದೆಂದು ತಿಳಿಯದೆ, ಎಲ್ಲರ ಮುಂದೂ ಮೊಣಕಾಲೂರಿತು" ಎನ್ನುವ ಕೊನೆಯ ಸಾಲನ್ನು ಇಡೀ ಸಭಾಂಗಣ ಎದ್ದು ನಿಂತು ಹೇಳಿತು. ರೇಷ್ಮಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹಲ್ಲಿನ ಡಾಕ್ಟರು ತಮ್ಮ ಊಹೆ ಪೂರ್ತಿ ಸುಳ್ಳಾದದ್ದಕ್ಕೆ ಕುಣಿಯುವುದೊಂದು ಬಾಕಿ. ಜಕ್ಕಲಿಯವರು ಅಕ್ಕನ ಕಾಲಿಗೆ ಬಿದ್ದರು.

ಚಪ್ಪಾಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ನಾನು ಅಕ್ಕನ ಕಿವಿಯ ಹತ್ತಿರ ಬಗ್ಗಿದೆ. ಹುಟ್ಟುಗುಣ ಬಿಡಬೇಕಲ್ಲ.

"ಎಲ್ಲಾ ಚಂದ ಆತು ಅಕ್ಕಾ. ಆದ್ರೂ ನಾ ಆಗಿದ್ರ ಮಾಳವ್ವೆನ್ನ ಗದ್ದಿಗಿ ಮ್ಯಾಲ ಕುಂದ್ರಸ್ತಿದ್ದೆ."

ಅಕ್ಕ ಕಣ್ಣು ಹೊರಳಿಸಿ ನನ್ನನ್ನು ನೋಡಿದಳು. ಟೊಪ್ಪಿಗೆ ಇನ್ನೂ ತಲೆಯ ಮೇಲಿತ್ತು. ಅಷ್ಟೂ ಜನ ನೋಡುತ್ತಿರುವಂತೆ ದೊಡ್ಡ ಪರದೆಯ ಮೇಲೆ ನಮ್ಮ ಮನೆಮಾತಿನಲ್ಲಿ ಅಕ್ಷರ ಮೂಡಿದವು.

"ಅದಕ್ಕs ದಾಕ್ಷಿ, ಕತಿ ನಾ ಬರದೆ. ನೀ ಬರೀಲಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕನೊಡನೆ ಜಗಳವಾಡಿ ಸೋತು ಎಷ್ಟು ಕಾಲವಾಗಿತ್ತೋ. ಸೋಲು ಇಷ್ಟು ಸಿಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಅವಳ ಭುಜಕ್ಕೆ ಮುಖವಿಟ್ಟು ಮನಸಾರೆ ಅತ್ತೆ, ಅವಳು ಎಡಗೈಯಿಂದ ನನ್ನ ಬೆನ್ನು ತಟ್ಟುತ್ತ ಜನರ ಕಡೆ ನೋಡಿ ನಗುತ್ತಿದ್ದಳು.